ಟವೆಲ್ ಬೇಡ ಅಂದವಳು

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ವಾರಕ್ಕೆ ಮೂರು ದಿನ ನಂಜನಗೂಡಿನ ಥೆರಪಿ ಸೆಂಟರು, ಎರಡು ದಿನ ತಿ. ನರಸೀಪುರದ್ದು. ಸೆಂಟರಿಗೆ ಬರಲಾಗದ ಮಕ್ಕಳ ಮನೆಗೆ ನಾನೇ ಹೋಗುತ್ತೇನೆ. ಹದಿನೈದು ವರ್ಷದಿಂದ ಇದೇ ಕೆಲಸವಾದ್ದರಿಂದ ಕಲಿಯುವುದು ಇನ್ನೇನೂ ಉಳಿದಿಲ್ಲವೆಂದು ನಂಬಿಕೊಂಡಿದ್ದೆ. ಆದರೂ ವರ್ಷಕ್ಕೊಮ್ಮೆ ತರಬೇತಿಗೆ ಹೋಗುತ್ತಿದ್ದೆ. ಹೋದರೆ ಸರ್ಟಿಫಿಕೇಟು ಸಿಗುತ್ತದೆ, ಅದನ್ನು ಫೈಲಿಗೆ ಹಾಕಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಮಧ್ಯಾಹ್ನದ ಊಟವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಆ ವರ್ಷದ್ದು ಮೈಸೂರಿನಲ್ಲಿ ಎರಡು ದಿನ. ನಾನೂ ನರಸೀಪುರ ಸೆಂಟರಿನ ನನ್ನ ಸಹೋದ್ಯೋಗಿಯೂ ಕೊನೆಯ ಸಾಲಿನಲ್ಲಿ ಫ್ಯಾನಿನ ಕೆಳಗೆ ಜಾಗ ಹಿಡಿದೆವು. ಅವರು ಆಕ್ಯುಪೇಷನಲ್ ಥೆರಪಿಸ್ಟ್. ನಾನು ಮಕ್ಕಳ ಕಾಲು ನೋಡುವವಳು, ಅವರು ಕೈ ನೋಡುವವರು ಎಂದು ಜನ ತಿಳಿದಿದ್ದಾರೆ. ಉಣ್ಣುವುದು, ಉಡುವುದು, ಬರೆಯುವುದು, ಹೀಗೆ ದಿನದ ಕೆಲಸಗಳನ್ನೆಲ್ಲ ಮಗುವಿಗೆ ಒಗ್ಗಿಸುವುದು ತಮ್ಮ ಕೆಲಸ ಎಂದು ವಿವರಿಸುವುದನ್ನು ಅವರು ಬಿಟ್ಟು ಬಹಳ ಕಾಲವಾಗಿದೆ.

ಕಲಿಸಲು ಬಂದಿದ್ದ ಹೆಂಗಸು ನನಗಿಂತ ಚಿಕ್ಕವರು. ಎರಡನೆಯ ದಿನ ನಮ್ಮನ್ನು ಒಬ್ಬೊಬ್ಬರನ್ನೇ ಎತ್ತರದ ಸ್ಟೂಲಿನ ಮೇಲೆ, ಕಾಲು ನೆಲಕ್ಕೆ ತಾಗದಂತೆ ಕೂರಿಸಿ, ಸೂಜಿಗೆ ದಾರ ಪೋಣಿಸಿ ಅಂದರು. ಹಿಂದಿನಿಂದ ಇನ್ನೊಬ್ಬರು ಸ್ಟೂಲನ್ನು ಮೆಲ್ಲಗೆ ಅಲ್ಲಾಡಿಸುತ್ತಿರಬೇಕು. ನನ್ನ ಸರದಿ ಬಂದಾಗ ನಾನು ಪೋಣಿಸಲಿಲ್ಲ. ಸ್ಟೂಲಿನ ಅಂಚು ಹಿಡಿದುಕೊಂಡು ಕೂತೆ.

"ಕೈ ಯಾಕೆ ಬಿಡ್ತಿಲ್ಲ ಮೇಡಂ?"

"ಬೀಳ್ತೀನಿ" ಅಂದೆ.

ಅವರು ಮುಂದಿನವರನ್ನು ಕರೆದರು.

ಸಂಜೆ ಒಂದು ಫಾರಂ ಹಂಚಿದರು. ಒಂದು ಮಗುವನ್ನು ಆರಿಸಿಕೊಂಡು, ಅದಕ್ಕೆ ಏನು ಮಾಡಲು ಬರಬೇಕೆಂದು ಆಸೆಯಿದೆ ಎಂದು ಅದನ್ನೇ ಕೇಳಬೇಕು. ಅದು ಹೇಳಿದ ಮಾತಿನಲ್ಲೇ ಬರೆದುಕೊಳ್ಳಬೇಕು. ಆರು ವಾರ ಅದಕ್ಕಾಗಿ ದುಡಿದು ಮತ್ತೆ ಬಂದು ವರದಿ ಒಪ್ಪಿಸಬೇಕು. ಸರ್ಟಿಫಿಕೇಟು ಆಮೇಲೆ.

ನಾನು ಆರಿಸಿಕೊಂಡದ್ದು ಹದಿನಾರು ಎಂಬ ಊರಿನ ಒಬ್ಬ ಹುಡುಗಿಯನ್ನು. ವಯಸ್ಸು ಹತ್ತು. ಮನೆ ಊರಾಚೆ ಗದ್ದೆಯ ಬದಿಗಿದೆ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಎರಡು ಕಾಲೂ ಬಿಗಿ, ಸೊಂಟದಲ್ಲಿ ಬಲವಿಲ್ಲ. ಮಾತು ನಿಧಾನ, ಬುದ್ಧಿ ಚುರುಕು. ನಾಲ್ಕು ವರ್ಷದಿಂದ ವಾರವಾರವೂ ಹೋಗಿ ಅವಳ ಕಾಲುಗಳನ್ನು ನೀವಿ, ನೀಡಿ, ಬಾಗಿಸಿ ಬರುತ್ತಿದ್ದೆ. ಅವಳು ಸೂರು ನೋಡುತ್ತಾ ಮಲಗಿರುತ್ತಿದ್ದಳು. ಅವಳ ಅಮ್ಮನ ಜೊತೆ ನಾನು ಮಾತಾಡುತ್ತಿದ್ದೆ.

ಆ ದಿನವೂ ಅಭ್ಯಾಸಬಲದಿಂದ ಅಮ್ಮನನ್ನೇ ಮೊದಲು ಕೇಳಿದೆ. "ನಿಮ್ಮ ಮಗಳಿಗೆ ಏನು ಬರಬೇಕು ಅಂತ ಆಸೆ ನಿಮಗೆ?"

"ಇನ್ನೇನ್ ಮೇಡಂ, ನಡೀಬೇಕು. ನಾಕ್ ವರ್ಸದಿಂದ ನೀವ್ ಬತ್ತಿರದು ಅದ್ಕೇ ತಾನೆ?"

ಇದನ್ನು ಅವರು ಹಿಂದೆಯೂ ಕೇಳಿದ್ದರು. "ನೋಡೋಣಮ್ಮ, ಮಾಡ್ತಾ ಇರಿ" ಅನ್ನುತ್ತಿದ್ದೆ. ಆದರೆ ಫಾರಮ್ಮಿನಲ್ಲಿ 'ಎಷ್ಟು ವಾರದಲ್ಲಿ' ಎಂಬ ಕಲಂ ಇತ್ತು. ಅಲ್ಲಿ 'ನೋಡೋಣ' ಎಂದು ಬರೆಯುವಂತಿರಲಿಲ್ಲ.

"ಆಸರೆ ಇಲ್ಲದೆ ಅವಳು ನಡೀತಾಳೆ ಅಂತ ನನಗೆ ಅನ್ನಿಸ್ತಿಲ್ಲಮ್ಮ. ವಾಕರ್ ಹಿಡ್ಕೊಂಡು ಮನೆಯೊಳಗೆ ಓಡಾಡಬಹುದು. ಅಷ್ಟೇ."

ಅವರು ನನ್ನ ಬ್ಯಾಗನ್ನೇ ನೋಡಿದರು. "ಇದ್ನ ಮದ್ಲೇ ಏಳ್ಬೌದಿತ್ತಲ್ವಾ ಮೇಡಂ?"

"ಹೇಳಬೇಕಿತ್ತು" ಅಂದೆ.

ಹುಡುಗಿ ಅಲ್ಲೇ ಚಾಪೆಯ ಮೇಲಿದ್ದಾಳೆ ಎಂಬುದು ಆಗ ನೆನಪಾಯಿತು. ಅವಳ ಕಡೆ ತಿರುಗಿದೆ. "ನಂಗೊತ್ತು" ಅಂದಳು, ಮಗ್ಗಿ ಒಪ್ಪಿಸುವವಳ ಹಾಗೆ.

ಅಮ್ಮ ಎದ್ದು ಒಳಗೆ ಹೋದರು. ಕಾಫಿ ಮಾಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದರು. ಲೋಟ ತಂದು ಕೊಟ್ಟಾಗ ಮುಖ ತೊಳೆದುಕೊಂಡಿದ್ದರು. "ಅವ್ಳನ್ನೂ ಕೇಳಿ ಮತ್ತೆ" ಅಂದರು.

ಕೇಳಿದೆ. ಯಾರನ್ನು ಕೇಳುತ್ತಿದ್ದಾರೆ ಎನ್ನುವಂತೆ ಅವಳು ಒಮ್ಮೆ ಹಿಂದೆ ನೋಡಿದಳು. ಆಮೇಲೆ ಅಂದಳು: "ಟವಲ್ ಬ್ಯಾಡ."

ಅಪ್ಪ ದಿನಾ ಬೆಳಿಗ್ಗೆ ಅವಳನ್ನು ಮೊಪೆಡ್ಡಿನಲ್ಲಿ ಶಾಲೆಗೆ ಬಿಡುತ್ತಿದ್ದರು. ದಾರಿಯಲ್ಲಿ ಡೈರಿಗೆ ಹಾಲೂ ಹಾಕುತ್ತಿದ್ದರು. ಮುಂದೆ ಹಾಲಿನ ಕ್ಯಾನು ಹಗ್ಗದಲ್ಲಿ, ಹಿಂದೆ ಮಗಳು ಅಪ್ಪನ ಸೊಂಟಕ್ಕೆ ಸುತ್ತಿದ ಟವೆಲ್ಲಿನಲ್ಲಿ, ಎರಡಕ್ಕೂ ಒಂದೇ ಥರದ ಗಂಟು. ಶಾಲೆಯ ಗೇಟಿನಲ್ಲಿ ಮಕ್ಕಳು ಅವಳಿಗೆ 'ಆಲಿನ್ ಕ್ಯಾನು' ಎಂದು ಹೆಸರಿಟ್ಟಿದ್ದರು. ಇದು ಎರಡು ವರ್ಷದಿಂದ ನಡೆಯುತ್ತಿದ್ದ ಸಂಗತಿ, ನನಗೆ ಗೊತ್ತಿರಲಿಲ್ಲ. ಟವೆಲ್ ಕಟ್ಟಿಕೊಳ್ಳಿ ಎಂದು ಹೇಳಿಕೊಟ್ಟವಳು ಮಾತ್ರ ನಾನೇ.

ಸಂಜೆ ಅಪ್ಪ ಬಂದ ಮೇಲೆ ವಿಷಯ ಹೇಳಿದೆ. "ಬಿದ್ರೆ ಯಾರ್ ಮೇಡಂ ಒಣೆ? ಕಟ್ಟು ಅಂದೋರೂ ನೀವೆ, ಬಿಚ್ಚು ಅನ್ನೋರೂ ನೀವೆ" ಅಂದರು. ಎರಡೂ ನಿಜವೇ. ಕೊನೆಗೆ ಗಾಡಿಯನ್ನು ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಅದರ ಮೇಲೆ ಕೂರುವ ಅಭ್ಯಾಸಕ್ಕೆ ಒಪ್ಪಿದರು. ಹೆಲ್ಮೆಟ್ ಇರಲೇಬೇಕೆಂಬುದು ನನ್ನ ಷರತ್ತು. ಎರಡೂ ಬದಿಗೆ ಹುಲ್ಲು ಹಾಸಬೇಕೆಂಬುದು ಅಮ್ಮನದು.

ಮೊದಲ ದಿನ ಕೂರಿಸಿ ಕೈಬಿಟ್ಟ ತಕ್ಷಣ ಎಡಕ್ಕೆ ವಾಲಿದಳು, ಹಿಡಿದೆ. ಬಲಕ್ಕೆ ವಾಲಿದಳು, ಹಿಡಿದೆ. ಬೆನ್ನಿನ ಬಲ ಸಾಲದೆಂದು ಚಾಪೆಯ ಮೇಲೆ ಒಂದು ವಾರ ಬೆನ್ನಿನ ವ್ಯಾಯಾಮ ಮಾಡಿಸಿದೆ. ವಾರ ಕಳೆದರೂ ಅಷ್ಟೇ ವಾಲಿದಳು. ಆಗ ಕೆಳಗೆ ನೋಡಿದೆ. ಗಾಡಿಯ ಫುಟ್‌ರೆಸ್ಟಿಗೆ ಅವಳ ಪಾದ ಮುಟ್ಟುತ್ತಲೇ ಇರಲಿಲ್ಲ, ಗೇಣುದ್ದ ಮೇಲೆ ನೇತಾಡುತ್ತಿತ್ತು. ಕಾಲು ಊರಲಾಗದೆ ನಾನು ಸ್ಟೂಲಿನ ಅಂಚು ಹಿಡಿದು ಕೂತು ಇನ್ನೂ ಹದಿನೈದು ದಿನವೂ ಆಗಿರಲಿಲ್ಲ.

ಅಪ್ಪ ನಂಜನಗೂಡಿಗೆ ಹೋಗಿ ವೆಲ್ಡಿಂಗ್ ಅಂಗಡಿಯಲ್ಲಿ ಪಾದ ಊರಲು ಎರಡು ತಗಡಿನ ಹಲಗೆ, ಬೆನ್ನಿಗೊಂದು ಕಂಬಿ ಹಾಕಿಸಿಕೊಂಡು ಬಂದರು. ಪಾದ ಊರಿದ ಮೇಲೆ ಅವಳು ನೇರ ಕೂತಳು. ಅಮ್ಮ ಅಡುಗೆಮನೆಯಿಂದ ಬಂದು ನೋಡಿ ಒಳಗೆ ಹೋದರು. ಎಂಜಿನ್ ಹಾಕಿದಾಗ ಅದರ ನಡುಕಕ್ಕೆ ಕಾಲು ಮತ್ತೆ ಸೆಟೆದುಕೊಂಡವು. ಆ ಸದ್ದಿಗೆ ಒಗ್ಗಲು ಇನ್ನೊಂದು ವಾರ ಹಿಡಿಯಿತು. ನಾಲ್ಕನೆಯ ವಾರ ಅಪ್ಪ ಅವಳನ್ನು ಕೂರಿಸಿಕೊಂಡು ಅಂಗಳ ಸುತ್ತಿದರು. ಐದನೆಯ ವಾರ ತಿರುವಿನಲ್ಲಿ ಅವಳು ಬಿದ್ದಳು. ಮೊಣಕೈ ತರಚಿತು. ಅವಳು ನಕ್ಕಳು. ಅಮ್ಮ ನನ್ನ ಹತ್ತಿರ ಮಾತು ಬಿಟ್ಟರು. ಕಾಫಿ ಮಾತ್ರ ಕೊಡುತ್ತಿದ್ದರು.

ಆರು ವಾರ ಮುಗಿಯಿತು. ಮೈಸೂರಿನಲ್ಲಿ ಉಳಿದವರೆಲ್ಲ ಗ್ರಾಫು ತಂದಿದ್ದರು. ಎಲ್ಲವೂ ಮೇಲಕ್ಕೆ ಹೋಗಿದ್ದವು. ನಾನು ಎದ್ದು ನಿಂತು, "ಗುರಿ ಮುಟ್ಟಿಲ್ಲ. ಡೈರಿಯವರೆಗೆ ಮೆಲ್ಲಗೆ ಟವೆಲ್ ಇಲ್ಲದೆ ಹೋಗ್ತಾಳೆ. ಅಲ್ಲಿಂದ ಶಾಲೆಗೆ ರಸ್ತೆ ಕೆಟ್ಟಿದೆ, ಟವೆಲ್ ಕಟ್ತಾರೆ. ಒಂದು ಸಲ ಬಿದ್ದಿದ್ದಾಳೆ" ಎಂದು ಹೇಳಿ ಕೂತೆ. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ಮೆಲ್ಲಗೆ ಕೇಳಿದರು. "ಕೈ ಎಲ್ಲಿಟ್ಕೋತಾಳೆ?"

"ಅಪ್ಪನ ಶರ್ಟು ಹಿಡ್ಕೋತಾಳೆ."

"ಶರ್ಟು ಜಾರುತ್ತಲ್ಲ ಮೇಡಂ. ಆರು ವಾರ ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?"

ನಾವಿಬ್ಬರೂ ಎಷ್ಟೋ ವರ್ಷದಿಂದ ಒಂದೇ ಡಬ್ಬಿಯ ಉಪ್ಪಿನಕಾಯಿ ಹಂಚಿಕೊಂಡು ಉಂಡವರು. ಒಂದು ಮಗುವಿನ ವಿಷಯ ಮಾತಾಡಿದ್ದು ಅದೇ ಮೊದಲು.

ಮುಂದಿನ ವಾರ ಅವರು ಹದಿನಾರಿಗೆ ಬಂದು ಅಪ್ಪನ ಸೊಂಟ ಅಳೆದುಕೊಂಡರು. ನರಸೀಪುರದಲ್ಲಿ ಬ್ಯಾಗು ಹೊಲಿಯುವವರೊಬ್ಬರ ಹತ್ತಿರ ಅಗಲವಾದೊಂದು ಬೆಲ್ಟು ಹೊಲಿಸಿದರು. ಎರಡು ಬದಿಗೂ ಅವಳು ಹಿಡಿಯಲು ಶಾಲೆಯ ಬ್ಯಾಗಿನಲ್ಲಿರುವಂಥ ಹಿಡಿಕೆ. ಅವಳ ಎಡಗೈ ಹಿಡಿತ ಸಡಿಲವಾದ್ದರಿಂದ ಆ ಬದಿಯದಕ್ಕೆ ದಪ್ಪ ಬಟ್ಟೆ ಸುತ್ತಿಸಿದರು.

ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಸಹೋದ್ಯೋಗಿಯನ್ನು ಕೇಳಿದರು. "ಇದ್ನ ಕಟ್ಕಂಡು ನಾನು ಊರೊಳೀಕೆ ಓಗ್ಬೇಕಾ ಸಾ? ಲಗೇಜ್ ಬ್ಯಾಗಿನಂಗೆ?"

"ಎಲ್ಡ್ ವರ್ಸ ನನ್ನ ಕಟ್ಕಂಡೋಗಿಲ್ವಾ?" ಎಂದಳು ಮಗಳು. ನಾಲ್ಕು ವರ್ಷದಲ್ಲಿ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಬೆಲ್ಟು ಕಟ್ಟಿಕೊಂಡರು.

ಅದಾದ ಹತ್ತು ದಿನಕ್ಕೆ ಶಾಲೆಯವರೆಗೂ ಟವೆಲ್ ಇಲ್ಲದೆ ಹೋದಳು. ನಾನು ನನ್ನ ಸ್ಕೂಟರಿನಲ್ಲಿ ಹಿಂದೆಯೇ ಹೋದೆ. ಕೆಟ್ಟ ರಸ್ತೆಯುದ್ದಕ್ಕೂ ಅಪ್ಪ ಎಷ್ಟು ನಿಧಾನ ಓಡಿಸಿದರೆಂದರೆ ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ಗೇಟಿನಲ್ಲಿ ಅವರು ಅವಳನ್ನು ಇಳಿಸಿಕೊಂಡು ಒಳಗೆ ಹೋದಾಗ ನಾನು ಹೆಲ್ಮೆಟ್ ತೆಗೆಯಲಿಲ್ಲ. ಕಣ್ಣು ಒದ್ದೆಯಾಗಿದ್ದವು, ಅಷ್ಟು ಹೊತ್ತಿಗೆ ಹೆಡ್‌ಮಾಸ್ಟರು ಬಂದು ನನ್ನನ್ನು ಯಾವುದೋ ಇನ್ಸ್‌ಪೆಕ್ಷನ್ನಿನವಳೆಂದು ತಿಳಿದು ನಮಸ್ಕಾರ ಮಾಡಿದರು.

ಮುಂದಿನ ವಾರ ಮನೆಗೆ ಹೋದಾಗ ಹುಡುಗಿ ಮುಖ ಊದಿಸಿಕೊಂಡಿದ್ದಳು.

"ಇಸ್ಕೂಲಲ್ಲಿ ಯಾರೂ ಏನೂ ಅನ್ನಿಲ್ಲ" ಅಂದಳು.

"ಅನ್ನದಿದ್ರೆ ಒಳ್ಳೇದೇ ಅಲ್ವಾ?" ಎಂದರು ಅಮ್ಮ. ನನ್ನ ಜೊತೆ ಅವರ ಮಾತು ಆಗಲೇ ಮತ್ತೆ ಶುರುವಾಗಿತ್ತು.

"ಒಬ್ರಾದ್ರೂ ನೋಡ್ಬೌದಿತ್ತು."

ಅಮ್ಮನೂ ನಾನೂ ಚಾಪೆ ಹಾಸಿದೆವು. ಬಚ್ಚಲಿಗೆ ತಾನೇ ಹೋಗುವುದನ್ನು ಕಲಿಯಬೇಕೆಂದು ಅವಳು ಹಿಂದಿನ ದಿನವೇ ಅಮ್ಮನಿಗೆ ಹೇಳಿದ್ದಳಂತೆ.