ಜೇಬು ಹೊಲಿದುಹೋದ ಹಾಡು

ಒಂಬತ್ತು ಕಾರ್ಯಕ್ರಮಗಳ ಸಂಭಾವನೆ ತಂತಿಗೆ ಇನ್ನೂ ಬರಬೇಕು. ತಂತಿ ಅಂದರೆ ರಾಕ್ ಬ್ಯಾಂಡಿನ ಗಿಟಾರಿನವನು. ಹುಟ್ಟಿದಾಗ ಇಟ್ಟ ಹೆಸರಿನಿಂದ ಅವನನ್ನು ಸ್ವಂತ ಅಕ್ಕನೂ ಕರೆಯುವುದಿಲ್ಲ. ವಾರವಿಡೀ ರಿಪೇರಿ ಅಂಗಡಿಯಲ್ಲಿ ಕೂತು ಫ್ಯಾನು, ಮಿಕ್ಸಿಗಳ ಹೊಟ್ಟೆ ಬಗೆಯುತ್ತಾನೆ, ರಜೆ ಬಂದರೆ ವೇದಿಕೆ ಹತ್ತುತ್ತಾನೆ. ನಮ್ಮ ಬೀದಿಯವರ ಧರಣಿಗಳಿಗೆಲ್ಲ ಬಿಟ್ಟಿಯಾಗಿ ಮೈಕು ಕಟ್ಟಿಕೊಟ್ಟವನೂ ಅವನೇ. ಹಾಗಂತ ಇಲ್ಲಿ ಅವನನ್ನು ಹೊಗಳಲು ಕೂತಿಲ್ಲ.

ಬ್ಯಾಂಡಿನ ದುಡ್ಡು ಹಾಡುಗಾರನ ಕೈಯಲ್ಲಿತ್ತು. ಕೇಳಿದಾಗಲೆಲ್ಲ ಮುಂದಿನ ವಾರ ಎನ್ನುತ್ತಿದ್ದ. ಆ ಮುಂದಿನ ವಾರಕ್ಕೆ ತಲೆಗೂದಲು ನೆರೆಯಿತೇ ಹೊರತು ದುಡ್ಡು ಬರಲಿಲ್ಲ. ತಂತಿ ಅಭ್ಯಾಸಕ್ಕೆ ಹೋಗುವುದನ್ನೇ ಬಿಟ್ಟ. ಆದರೆ ಕೈ ಸುಮ್ಮನಿರಬೇಕಲ್ಲ? ಅಂಗಡಿಯ ಅಟ್ಟದ ಮೇಲೆ ಯಾರೋ ರಿಪೇರಿಗೆ ಕೊಟ್ಟು ಮರೆತ ಕ್ಯಾಸೆಟ್ ರೆಕಾರ್ಡರ್ ಒಂದಿತ್ತು. ಒಂದೇ ಟೇಪಿನಲ್ಲಿ ನಾಲ್ಕು ಸದ್ದುಗಳನ್ನು ಬೇರೆಬೇರೆಯಾಗಿ ಹಿಡಿಯುವಂಥದ್ದು. ತಗೊಂಡು ಹೋಗು, ಜಾಗವಾದರೂ ಖಾಲಿಯಾಗಲಿ ಅಂದ ಮಾಲೀಕ.

ಅಕ್ಕತಮ್ಮಂದಿರ ಮನೆಗೆ ಇರುವುದು ಎರಡೇ ಕೋಣೆ. ಮುಂದಿನದರಲ್ಲಿ ಕಿಟಕಿಗೆ ಒತ್ತಿಕೊಂಡು ಅಕ್ಕನ ಹೊಲಿಗೆ ಯಂತ್ರ, ಕಾಲಲ್ಲಿ ತುಳಿಯುವುದು. ಕಾರ್ಖಾನೆಯವರು ಸಮವಸ್ತ್ರದ ಅಂಗಿ ಕಳಿಸುತ್ತಾರೆ, ಅಕ್ಕ ಜೇಬು ಕೂರಿಸುತ್ತಾಳೆ. ಮೂರು ಬದಿ ಹೊಲಿಯಬೇಕು, ಮೇಲಿನ ಬದಿ ಬಿಡಬೇಕು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ತಂತಿ ಮಧ್ಯಾಹ್ನ ಊಟಕ್ಕೆ ಬಂದವನು ಹಿಂದಿನ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡತೊಡಗಿದ. ಮೊದಲ ದಿನವೇ ಯಂತ್ರದ ಸದ್ದು ಗಿಟಾರಿನೊಳಕ್ಕೆ ನುಗ್ಗಿತು. ಸ್ವಲ್ಪ ನಿಲ್ಲಿಸು ಅಂದ. ನಿನ್ನ ಹಾಡು ನಿಂತರೆ ಯಾರೂ ಸಾಯಲ್ಲ, ಇದು ನಿಂತರೆ ಇಬ್ಬರೂ ಗಾಳಿ ಕುಡಿಯಬೇಕಾಗುತ್ತೆ ಅಂದಳು ಅಕ್ಕ, ತಲೆಯೆತ್ತದೆ.

ಟೇಪು ಹಿಂದಕ್ಕೆ ಸುತ್ತಿ ಕೇಳಿದರೆ, ಅವಳ ತುಳಿತ ಬ್ಯಾಂಡಿನ ಡ್ರಮ್ಮಿನವನಿಗಿಂತ ನೆಟ್ಟಗಿತ್ತು. ಮರುದಿನ ಮೈಕಿಗೆ ಹಳೇ ಕಾಲುಚೀಲ ತೊಡಿಸಿ ಯಂತ್ರದ ಕೆಳಗೇ ಇಟ್ಟ. ನಾನು ಕೈ ಎತ್ತುವವರೆಗೆ ನಿಲ್ಲಿಸಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ. ಹಾಡು ನಿಧಾನದ್ದು. ಒಂದು ಸಲ ಅವನು ತಪ್ಪಿದ, ಇನ್ನೊಂದು ಸಲ ಬೀದಿಯಲ್ಲಿ ನಾಯಿ ಬೊಗಳಿತು. ಹೀಗೆ ಹದಿನಾಲ್ಕು ಸಲ ಆಯಿತು, ಪ್ರತಿ ಸಲಕ್ಕೂ ಹೊಸ ಅಂಗಿ. ಸಂಜೆ ಮಡಿಸುವಾಗ ಅಕ್ಕ ಒಂದು ಜೇಬಿಗೆ ಕೈ ಹಾಕಿದಳು. ಕೈ ಹೋಗಲಿಲ್ಲ. ಹಾಡು ಮುಗಿಯಲಿಲ್ಲವೆಂದು ಕಾಲು ನಿಂತಿರಲಿಲ್ಲ, ಕಾಲು ನಿಲ್ಲಲಿಲ್ಲವೆಂದು ಕೈ ನಾಲ್ಕನೇ ಬದಿಯನ್ನೂ ಹೊಲಿದುಬಿಟ್ಟಿತ್ತು. ಹದಿನಾಲ್ಕೂ ಅಂಗಿಗಳ ಜೇಬು ಬಂದ್.

ಇಬ್ಬರೂ ಬ್ಲೇಡು ಹಿಡಿದು ಬಿಚ್ಚಲು ಕೂತರು. ತಂತಿ ಒಂದು ಅಂಗಿ ಹರಿದ, ಬೈಸಿಕೊಂಡ. ಹೊಲಿಗೆ ಬಿಚ್ಚುವ ಪರಪರ ಸದ್ದನ್ನೂ ಬಿಡದೆ ಹಿಡಿದು ಇನ್ನೊಂದು ಹಾಡಿಗೆ ಹಾಕಿಕೊಂಡ.

ಆರು ಹಾಡಾದವು. ಅರವತ್ತು ಪ್ರತಿ ಮಾಡಿ, ಬೂದು ಕಾಗದದ ಹೊದಿಕೆ ಸುತ್ತಿ, ಮೂವತ್ತೆಂಟು ಮಾರಿದ. ಟೇಪು ಸುಯ್ಯೆನ್ನುತ್ತದೆ, ಕೆಟ್ಟಿದೆ ಎಂದು ಇಬ್ಬರು ವಾಪಸು ತಂದರು. ಅದು ಹಾಗೇ ಇರೋದು ಎಂದು ಸಾಗಹಾಕಿದ. ಉಳಿದವರು ಕೇಳಿದ್ದು ಒಂದೇ ಪ್ರಶ್ನೆ: ಆ ತಾಳ ಯಾವ ಯಂತ್ರದ್ದು? ತಂತಿ ಹಲ್ಲು ಕಿರಿದು ಸುಮ್ಮನಾಗುತ್ತಿದ್ದ.

ಒಂದು ದಿನ ಹಾಡುಗಾರನೇ ಟೇಪು ಹಿಡಿದುಕೊಂಡು ಮನೆಗೆ ಬಂದ. ಬ್ಯಾಂಡಿಗೂ ಅದೇ ತಾಳ ಬೇಕಂತೆ, ಹೇಗೆ ಮಾಡಿದೆ ಅಂತ ಕೇಳಿದ. ಅಕ್ಕ ಮೂರಡಿ ದೂರದಲ್ಲಿ ಯಂತ್ರ ತುಳಿಯುತ್ತಿದ್ದಳು. ಏನೋ ಹಂಗೇ ಮಾಡಿದೆ ಅಂದ ತಂತಿ.

ಯಂತ್ರ ನಿಂತಿತು. ಅಕ್ಕ ಎದ್ದು ಬಂದು ಹಾಡುಗಾರನ ಕೈಯಿಂದ ಟೇಪು ತೆಗೆದುಕೊಂಡು ಹೊದಿಕೆ ಓದಿದಳು. ಎಲ್ಲ ವಾದ್ಯ: ತಂತಿ ಎಂದಿತ್ತು.

"ದುಡ್ಡು ಕೊಡಲಿಲ್ಲ ಅಂತ ಇವನನ್ನ ಆರು ತಿಂಗಳಿಂದ ಬೈತಿದೀಯಲ್ಲೋ," ಅಂದಳು ತಮ್ಮನಿಗೆ. "ಪೋಸ್ಟರಲ್ಲಿ ನಿನ್ನ ಹೆಸರಾದ್ರೂ ಹಾಕಿದ್ದ ಇವನು."

ಹಾಡುಗಾರ ಚಪ್ಪಲಿ ಹುಡುಕಿಕೊಂಡು ಹೊರಟ. ತಂತಿ ಉಳಿದ ಇಪ್ಪತ್ತೆರಡು ಪ್ರತಿಗಳನ್ನು ಎಳೆದು ತಂದು, ಎಲ್ಲದರ ಮೇಲೂ ಕೈಯಲ್ಲೇ ತಿದ್ದಿದ. ಅಕ್ಕ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇವು ಸರಿ. ಮಾರಿದವು?"

ತಿಂಗಳಿಡೀ ಅಲೆದು ಐದನ್ನು ಹುಡುಕಿ ತಿದ್ದಿ ಬಂದಿದ್ದಾನೆ. ಇನ್ನೂ ಮೂವತ್ತಮೂರು ಎಲ್ಲೆಲ್ಲೋ ಇವೆ. ಅವಿಷ್ಟೂ ಸರಿಯಾಗುವವರೆಗೆ ತನ್ನ ಕಾಲು ಅಂಗಿಗೆ ಮಾತ್ರ, ಹಾಡಿಗಿಲ್ಲ ಎಂದಿದ್ದಾಳೆ ಅಕ್ಕ. ಹೇಳಿದ ಮೇಲೆ ಮುಗಿಯಿತು, ಅವಳು ಕಾರ್ಖಾನೆಯವರಿಗೇ ಬಗ್ಗಿದವಳಲ್ಲ. ಎರಡನೇ ಟೇಪಿಗೆ ತಂತಿ ಐದು ಹಾಡು ಕಟ್ಟಿದ್ದಾನೆ. ಡಬ್ಬ ಬಡಿದು ನೋಡಿದ, ಮೇಜು ಕುಟ್ಟಿ ನೋಡಿದ, ಯಾವುದೂ ಎದ್ದು ನಿಲ್ಲುತ್ತಿಲ್ಲ. ರೆಕಾರ್ಡರಿನ ಮೇಲೆ ಈಗ ಇಸ್ತ್ರಿ ಮಾಡಿದ ಅಂಗಿಗಳು ಕೂತಿವೆ.

ಆ ಬೂದು ಹೊದಿಕೆಯ ಟೇಪು ನಿಮ್ಮ ಮನೆಯಲ್ಲಿದ್ದರೆ ಈಗಲೇ ಏಳಿ. ಪೆನ್ನು ತಗೊಂಡು "ಎಲ್ಲ ವಾದ್ಯ" ಅನ್ನುವುದನ್ನು ಹೊಡೆದುಹಾಕಿ. ಅದರ ಕೆಳಗೆ ಬರೆಯಿರಿ: ಹೊಲಿಗೆ ಯಂತ್ರ, ಅಕ್ಕ. ಬರೆದು ಸುಮ್ಮನಾಗಬೇಡಿ. ರಿಪೇರಿ ಅಂಗಡಿಯ ಹಿಂದಿನ ಗಲ್ಲಿಗೆ ಹೋಗಿ, ಅವಳ ಕಿಟಕಿಯ ಮುಂದೆ ನಿಂತು ತೋರಿಸಿ.