ವೀಳ್ಯ ಹೊತ್ತ ಜೀಪು

ರಸ್ತೆ ಇರುವಾಗ ರಸ್ತೆ ಬಿಟ್ಟು ಗುಡ್ಡ ಹತ್ತುವುದಕ್ಕೆ ಒಂದಾದರೂ ಕಾರಣ ಕೊಡಿ ಎಂದು ನಾನು ದೊಡ್ಡಪ್ಪನನ್ನು ಕೇಳಿದ್ದು ಜೀಪು ಹಾರನಹಳ್ಳಿ ದಾಟುವ ಮೊದಲೇ. ಕಾರಣ ನನಗೆ ಗೊತ್ತಿತ್ತು. ಅವರ ಬಾಯಿಂದಲೇ ಹೇಳಿಸಿ ಅಲ್ಲೇ ಮುರಿಯಬೇಕೆಂದಿದ್ದೆ. ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತದ್ದು ಅದನ್ನೇ.

"ಮುರ್ದೋದ ಸಂಬಂಧದ ಬಾಗ್ಲು ಮುಂದೆ ಹೊಸ ವೀಳ್ಯ ಹಾಯಬಾರ್ದು ಕಣ್ಲಾ" ಎಂದರು ದೊಡ್ಡಪ್ಪ. ಬಾಗಿಲು ಬರೀ ಬಾಗಿಲು ಎಂದು ನಾನು ವಾದ ಶುರುಮಾಡಿದೆ.

ಅವರ ಮಗಳಿಗೆ, ಎಂದರೆ ನನ್ನ ಅಕ್ಕನಿಗೆ, ಹಿಂದೆ ಒಂದು ಗಂಡು ಗೊತ್ತಾಗಿತ್ತು. ವೀಳ್ಯ ಬದಲಾಯಿಸಿದ ಮೇಲೆ ಗಂಡಿನ ಕಡೆಯವರು ಒಲ್ಲೆವೆಂದರು. ಅವರ ಮನೆ ಹುಣಸೂರು ರಸ್ತೆಯ ಅಂಚಿನಲ್ಲೇ ಇದೆ. ಈಗ ಕೋಟೆ ತಾಲ್ಲೂಕಿನ ಕಡೆಯಿಂದ ಇನ್ನೊಂದು ಸಂಬಂಧ ಬಂದಿತ್ತು. ಎಲೆ, ಅಡಿಕೆ, ಬೆಲ್ಲ, ಜುಟ್ಟು ಕೀಳದ ಐದು ತೆಂಗಿನಕಾಯಿ ಇಟ್ಟ ಬುಟ್ಟಿ ಅಂದು ದೀಪ ಹಚ್ಚುವುದರೊಳಗೆ ಆ ಹೊಸ ಬೀಗರ ಕೈ ಸೇರಬೇಕಿತ್ತು. ದಿನ ತಪ್ಪಿದರೆ ಮಾತೂ ತಪ್ಪಿತೆಂದು ತಿಳಿಯಿರಿ ಎಂದು ಅವರು ಹೇಳಿ ಕಳಿಸಿದ್ದರು. ಹೊರಡುವಾಗ ಅಕ್ಕ ನನ್ನೊಬ್ಬನನ್ನೇ ಕರೆದು, "ದಾರೀಲಿ ವಾದ ಮಾಡ್ಕೊಂಡು ಕೂತ್ಕಬ್ಯಾಡ ಕಣೋ. ಹೊತ್ತಿಗೆ ಮುಟ್ಟು" ಎಂದಿದ್ದಳು. ಅಷ್ಟೇ. ನಗಲಿಲ್ಲ.

ಜೀಪು ಯುದ್ಧ ಮುಗಿದ ಮೇಲೆ ದಂಡಿನವರು ಮಾರಿದ್ದು. ಓಡಿಸುತ್ತಿದ್ದವನು ಕಂಪಲಾಪುರದವನು, ಬರ್ಮಾದಲ್ಲಿ ಲಾರಿ ಓಡಿಸಿದ್ದೆ ಎನ್ನುತ್ತಿದ್ದ. ನಿಜವೋ ಸುಳ್ಳೋ ಕೇಳಿದರೆ ಇನ್ನೊಂದು ಕಥೆ ಹೇಳುತ್ತಿದ್ದ.

ಗುಡ್ಡ ಹತ್ತಿದೆವು. ಮಳೆ ಇನ್ನೂ ಬಿದ್ದಿರಲಿಲ್ಲ. ಭೂಗೋಳದ ಪುಸ್ತಕದ ಮರುಭೂಮಿಯಲ್ಲಿ ಒಂಟೆ ಇರುತ್ತದೆ. ಇಲ್ಲಿ ಅದೊಂದು ಇರಲಿಲ್ಲ. ಸುಟ್ಟ ಹುಲ್ಲು, ಬೋಳು ಬಂಡೆ, ಒಣಗಿ ಕಡ್ಡಿಯಾದ ಲಂಟಾನ ಪೊದೆ. ದನದ ಜಾಡು ಹಿಡಿದು ಹೋಗುತ್ತಿದ್ದೆವು. ಬಂಡೆಯ ಮೇಲೆ ಅದೂ ಮಾಯವಾಯಿತು. ಒಂದು ಗುಡ್ಡ ಇಳಿದರೆ ಆಗಲೇ ಇಳಿದ ಗುಡ್ಡವೇ ಮತ್ತೆ ಎದುರಿಗೆ ನಿಂತಂತಿತ್ತು. ಸೂರ್ಯ ನೆತ್ತಿಯ ಮೇಲಿದ್ದ, ದಿಕ್ಕು ಹೇಳಲಾರ. ನಾನು ಎಡಕ್ಕೆ ಎಂದೆ. ದೊಡ್ಡಪ್ಪ ಬಲಕ್ಕೆ ಎಂದರು.

"ಇಂಗೇ ಜಗಳಾಡ್ತಿರಿ ಗೌಡ್ರೇ. ನೀವಿಬ್ರೂ ಒಪ್ಪಿದ್ರೆ ನಂಗೆ ಭಯ ಆಯ್ತದೆ" ಎಂದ ಡ್ರೈವರ್.

ಬಲಕ್ಕೇ ಹೋದೆವು. ಹಳ್ಳ ಸಿಕ್ಕಿತು, ನೀರಿರಲಿಲ್ಲ. ಮರಳಿನಲ್ಲಿ ಚಕ್ರ ಹೂತಿತು. ಕಲ್ಲು ಕೊಟ್ಟು ತಳ್ಳಿ ಮೇಲೆ ತಂದದ್ದೇ ತಡ, ರೇಡಿಯೇಟರ್ ಬುಸ್ಸೆಂದು ಕುದಿದು ಕಕ್ಕಿತು. ಆರಿದ ಮೇಲೆ ಕುಡಿಯುವ ನೀರನ್ನೆಲ್ಲ ಸುರಿದೆವು. ಸಾಲಲಿಲ್ಲ.

ನಾನು ಬುಟ್ಟಿಯ ಕಡೆ ನೋಡಿದೆ. ನೋಡಿದ್ದು ನಾನೇ ಮೊದಲು. "ಐದು ಕಾಯಿ ಇವೆ."

"ವೀಳ್ಯದ್ದು ಕಣ್ಲಾ ಅದು!"

"ಕಾಯಿ ಬರೀ ಕಾಯಿ, ದೊಡ್ಡಪ್ಪ. ಸಂಬಂಧ ಕೂಡಿಸೋ ಶಕ್ತಿ ಅದಕ್ಕಿದ್ದರೆ ಹೋದ ಸಲದ್ದು ಯಾಕೆ ಮುರೀತು? ಅದಕ್ಕಿಲ್ಲ ಅಂದಮೇಲೆ ಒಡೆದರೆ ಏನು ನಷ್ಟ?"

ಒಳ್ಳೆಯ ವಾದ. ಈಗಲೂ ಅದರಲ್ಲಿ ಬಿರುಕು ಕಾಣಿಸುವುದಿಲ್ಲ. ದೊಡ್ಡಪ್ಪ ಇಳಿಯುವ ಬಿಸಿಲನ್ನು ನೋಡಿದರು. ಆಮೇಲೆ ಒಂದು ಕಾಯಿ ತೆಗೆದು ಬಂಡೆಗೆ ಕುಕ್ಕಿ ನೀರನ್ನು ತಂಬಿಗೆಗೆ ಬಸಿದರು. ಎರಡು. ಮೂರು. ನಾಲ್ಕು. ಡ್ರೈವರ್ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಮದ್ವೆ ಊಟ ಸುರುವಾಯ್ತು ಬುಡಿ" ಎಂದ.

ಐದನೆಯದಕ್ಕೆ ದೊಡ್ಡಪ್ಪ ಕೈ ಚಾಚಿದಾಗ ಅದು ನನ್ನ ಮಡಿಲಲ್ಲಿತ್ತು. ಯಾವಾಗ ತೆಗೆದುಕೊಂಡೆನೋ ತಿಳಿಯದು.

"ಕೊಡ್ಲಾ."

"ಇದೊಂದು ಇರಲಿ."

"ಯಾಕೆ? ಬರೀ ಕಾಯಿ ಅಂದೋನು ನೀನೇ ಅಲ್ವೇನ್ಲಾ?"

ನಾನು ಕಾಯಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದೆ. ಕೊಡಲಿಲ್ಲ. ಡ್ರೈವರ್ ತಂಬಿಗೆಯಲ್ಲಿದ್ದಷ್ಟನ್ನು ಸುರಿದು, "ಇಷ್ಟರಲ್ಲೇ ನೋಡ್ಮ, ಹತ್ತಿ" ಎಂದ.

ಇಳಿಜಾರಿನಲ್ಲಿ ಇಂಜಿನ್ ಆರಿಸಿ, ಏರಿನಲ್ಲಿ ಹಚ್ಚಿ, ಹೇಗೋ ಕೆಳಗಿನ ದಾರಿಗೆ ಬಿದ್ದೆವು. ಗಂಡಿನ ಮನೆಯ ಅಂಗಳಕ್ಕೆ ನಾವು ಬಂದಾಗ ಆ ಮನೆಯ ಅಜ್ಜಿ ದೀಪಕ್ಕೆ ಬತ್ತಿ ಹೊಸೆಯುತ್ತಿತ್ತು. ಬುಟ್ಟಿ ನೋಡಿ, "ಕಾಯೆಲ್ಲಪ್ಪ?" ಎಂದಿತು. ದೊಡ್ಡಪ್ಪ ಮುಚ್ಚಿಡಲಿಲ್ಲ, ಯಾವ ಬಾಗಿಲಿಗೆ ಹೆದರಿ ಗುಡ್ಡ ಹತ್ತಿದೆವು ಎಂಬುದನ್ನೂ ಹೇಳಿಬಿಟ್ಟರು.

"ಆ ಮನೇನಾ? ನಿಮ್ಮಳ್ಳಿಗೆ ಎಣ್ಣು ನೋಡಕ್ಕೆ ಬಂದಾಗ ನಮ್ಮೋರು ಅಲ್ಲೇ ಮಜ್ಜಿಗೆ ಕುಡ್ದು ಬಂದ್ರಲ್ಲಪ್ಪ! ಒಳ್ಳೆ ಎಣ್ಣು, ಬುಡಬ್ಯಾಡಿ ಅಂದೋರೂ ಅವ್ರೇ" ಎಂದಿತು ಅಜ್ಜಿ.

ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು. ಅಜ್ಜಿ ನನ್ನ ಕೈಯ ಕಾಯಿಗೆ ಕೈ ಹಾಕಿತು.

"ಬುಡಪ್ಪ. ಕೈ ಬುಡು. ನಾವೇನು ತಿಂದಾಕ್ತೀವಾ?"

ಬಿಟ್ಟೆ. ಬೆರಳು ಮರಗಟ್ಟಿದ್ದವು. ಆ ಒಂದೇ ಕಾಯಿಗೆ ಅರಿಶಿನ ಹಚ್ಚಿ ವೀಳ್ಯ ಬದಲಾಯಿಸಿದರು. ಮದುವೆಯ ಮಾತು ಗಟ್ಟಿಯಾಯಿತು.

ಮರುದಿನ ರಸ್ತೆ ಹಿಡಿದೇ ಹಿಂದಿರುಗಿದೆವು. ಮುರಿದ ಸಂಬಂಧದ ಆ ಮನೆಯ ಹತ್ತಿರ ಬಂದಾಗ ಜೀಪು ಕುದಿಯುತ್ತಿರಲಿಲ್ಲ. ಆದರೂ ದೊಡ್ಡಪ್ಪ ನಿಲ್ಲಿಸಲು ಹೇಳಿ, ತಂಬಿಗೆ ಹಿಡಿದು ಇಳಿದು, "ಒಸಿ ನೀರು ಕೊಡ್ತೀರಾ?" ಎನ್ನುತ್ತ ಆ ಬಾಗಿಲಿಗೆ ಹೋದರು. ಬಾಗಿಲು ಬರೀ ಬಾಗಿಲು ಎಂದು ಹಿಂದಿನ ದಿನ ಬೆಳಗಿನಿಂದ ಸಂಜೆಯವರೆಗೆ ವಾದಿಸಿದ್ದ ನಾನು ಜೀಪಿನಿಂದ ಇಳಿಯಲಿಲ್ಲ.