ಮುಚ್ಚಳದಲ್ಲಿದ್ದ ಐದು ಸಿಗಡಿ ತಲೆ

ಇಲ್ಲದವರು ಬಂದು ನಿಲ್ಲುತ್ತಾರೆ, ಕರೆಯುತ್ತಾರೆ ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಕೆಲಸ ಇಲ್ಲದವರ ಮಾತು ಅದು ಅಂತ ಎದುರಿಗೇ ಹೇಳಿದ್ದೇನೆ. ನನ್ನ ಗಂಡ ಕಡಲಿಗೆ ಹೋದವರು ತಿರುಗಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನ ಕನಸಿಗೂ ಬಂದವರಲ್ಲ. ಬರುವ ಹಾಗಿದ್ದರೆ ಅವರು ಬರಬೇಕಿತ್ತು. ಹಾಗಾಗಿ ಈಗ ನಾನು ಬರೆಯುವುದನ್ನು ನೀವು ನಂಬಲೇಬೇಕು ಅಂತ ನಾನು ಕೇಳುವುದಿಲ್ಲ. ಮೂರನೇ ಕ್ಲಾಸಿನವರೆಗೆ ಕಲಿತವಳು, ಚೆಂದ ಮಾಡಿ ಬರೆಯಲಿಕ್ಕೆ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ದುಬೈಯ ದೇರಾದಲ್ಲಿ ಒಂದು ಹೋಟೆಲಿನ ಲಾಂಡ್ರಿಯಲ್ಲಿ ನಾನು ಹನ್ನೊಂದು ವರ್ಷ ಇಸ್ತ್ರಿ ಹಾಕಿದೆ. ಇದು ನಡೆದಾಗ ಅಲ್ಲಿ ಮೆಟ್ರೋ ಬಂದು ನಾಲ್ಕೈದು ವರ್ಷ ಆಗಿತ್ತು, ನನಗೆ ಅರವತ್ತು ದಾಟಿತ್ತು. ಶುಕ್ರವಾರ ರಜೆ. ಮಸೀದಿಯಲ್ಲಿ ಬೆಳಗಿನ ಬಾಂಗ್ ಆದ ಕೂಡಲೇ ಲಾಂಡ್ರಿಯ ನಾವು ಐದು ಜನ ಗಾಳ ಹಾಕಲಿಕ್ಕೆ ಹೋಗುತ್ತಿದ್ದೆವು. ಡ್ರೈವರ್ ಇಸುಬು ಉಳ್ಳಾಲದ ಕಡೆಯವ, ವ್ಯಾನು ಅವನದ್ದು. ಹೊಲಿಗೆ ಟೇಬಲಿನ ಲಿಲ್ಲಿಬಾಯಿ ಕೊಂಕಣಿಯವಳು, ಅವಳು ಸುಮ್ಮನೆ ಕೂತದ್ದು ನಾನು ನೋಡಿಲ್ಲ. ವಾಶಿಂಗ್ ಮೆಶಿನಿನ ವಸಂತ ನನ್ನ ಊರಿನಿಂದ ಎರಡು ಬಸ್ ಸ್ಟಾಪ್ ಆಚೆಯವ, ಹೆಂಡತಿ, ಎರಡು ಮಕ್ಕಳು ಊರಿನಲ್ಲಿ. ಮತ್ತೆ ಗದಗಿನ ಶಿವಪ್ಪ. ಅವನು ಮೀನು ತಿನ್ನುವವನಲ್ಲ, ಮುಟ್ಟುವವನೂ ಅಲ್ಲ. ರೂಮಿನ ಗೋಡೆ ನೋಡುವುದಕ್ಕಿಂತ ನೀರು ನೋಡುತ್ತೇನೆ ಅಂತ ಚಹಾದ ಥರ್ಮಾಸ್ ಹಿಡಿದುಕೊಂಡು ಬರುತ್ತಿದ್ದ.

ಸಿಕ್ಕಿದ ಮೀನೆಲ್ಲ ಒಂದೇ ಬಕೆಟಿಗೆ. ಕೊನೆಗೆ ನಮ್ಮೂರಿನ ಕ್ರಮದ ಹಾಗೆ ಪಾಲು. ನಾನು ಪೇಪರ್ ಹಾಸಿ ನಾಲ್ಕು ರಾಶಿ ಮಾಡಬೇಕು, ಶಿವಪ್ಪ ಬೆನ್ನು ತಿರುಗಿಸಿ ನಿಲ್ಲಬೇಕು. ನಾನು ಒಂದು ರಾಶಿಯ ಮೇಲೆ ಬೆರಳಿಟ್ಟು "ಇದು ಯಾರದ್ದು?" ಅಂದರೆ ಅವನು ನೋಡದೆ ಒಂದು ಹೆಸರು ಹೇಳಬೇಕು. ತಿನ್ನದವನು ಹೇಳಿದ ಮೇಲೆ ಜಗಳ ಇಲ್ಲ.

ಗಾಳಕ್ಕೆ ಸಿಕ್ಕಿಸುವ ಸಿಗಡಿ ನನ್ನ ಡಬ್ಬಿಯಲ್ಲಿ ಇರುತ್ತಿತ್ತು. ಎಲ್ಲರೂ ನನ್ನ ಹತ್ತಿರ ಬಂದು ತೆಗೆದುಕೊಂಡು ಹೋಗುವುದು. ಬೇರೆಯವರು ಇಡೀ ಸಿಗಡಿ ಸಿಕ್ಕಿಸುತ್ತಿದ್ದರು, ನಾನೂ ಹಾಗೆಯೇ. ವಸಂತ ಒಬ್ಬನೇ ತಲೆ ಮುರಿದು ಡಬ್ಬಿಯ ಮುಚ್ಚಳದಲ್ಲಿ ಹಾಕಿ ಹೋಗುತ್ತಿದ್ದ. ಸಿಗಡಿ ತಲೆಗೆ ಮೆಣಸು ಹಾಕಿ ಹುರಿದರೆ ನನಗೆ ಬೇರೆ ಏನೂ ಬೇಡ, ಅದು ಅವನಿಗೆ ಗೊತ್ತಿತ್ತು.

ಆ ಚಳಿಗಾಲದ ಶುರುವಿನಲ್ಲಿ ಒಂದು ದಿನ ಒಬ್ಬ ದೊಡ್ಡ ಗೆಸ್ಟಿನ ಕಂದೂರ, ಅಂದರೆ ಅರಬ್ಬರ ಬಿಳಿ ನಿಲುವಂಗಿ, ನನ್ನ ಟೇಬಲಿನಲ್ಲಿ ಇತ್ತು. ನಾನು ಇಸ್ತ್ರಿಯನ್ನು ಅದರ ಮೇಲೆಯೇ ಬಿಟ್ಟು ಚಹಾಕ್ಕೆ ಹೋದೆ. ಸುಟ್ಟ ವಾಸನೆಗೆ ವಸಂತ ಓಡಿ ಬಂದು ಇಸ್ತ್ರಿ ಎತ್ತಿದ. ಸೂಪರ್‌ವೈಸರ್ ಒಳಗೆ ಬಂದದ್ದೂ ಅದೇ ಹೊತ್ತಿಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ವಸಂತ ನನ್ನ ಮುಖ ನೋಡಿದ. "ನಾನು ಸುಟ್ಟದ್ದಲ್ಲ ಸಾರ್" ಅಂತ ಮಾತ್ರ ಹೇಳಿದ. ಯಾರು ಅಂತ ಹೇಳಲಿಲ್ಲ.

ಮರುದಿನ ನನ್ನನ್ನು ಆಫೀಸಿಗೆ ಕರೆದು ಒಂದು ಕಾಗದ ಕೊಟ್ಟರು. ಇಂಗ್ಲಿಷು. ಇಸ್ತ್ರಿ ವಸಂತನ ಕೈಯಲ್ಲಿ ಇದ್ದದ್ದನ್ನು ನೋಡಿದ್ದೇನೆ ಅಂತ ಬರೆದಿದೆ, ಸಹಿ ಮಾಡು ಅಂದರು. ಓದಲಿಕ್ಕೆ ಬಾರದೆ ಸಹಿ ಹಾಕಿದೆ ಅಂತ ನಾನು ಹೇಳಿಕೊಳ್ಳಬಹುದು. ಲಿಲ್ಲಿಬಾಯಿಗೆ ಹಾಗೆಯೇ ಹೇಳಿದ್ದೆ. ಆದರೆ ನನಗೆ ಎಲ್ಲ ಗೊತ್ತಿತ್ತು. ಬರೆದದ್ದು ಸುಳ್ಳೂ ಅಲ್ಲ, ಇಸ್ತ್ರಿ ಅವನ ಕೈಯಲ್ಲೇ ಇತ್ತು. ನನ್ನ ಪ್ರಾಯದವಳಿಗೆ ವೀಸಾ ಮುಂದುವರಿಸುವುದು, ಬಿಡುವುದು ಅವರ ಮನಸ್ಸು. ಸಹಿ ಹಾಕಿದೆ. ನಾಲ್ಕು ದಿನದಲ್ಲಿ ವಸಂತನ ವೀಸಾ ಖಲಾಸ್, ಊರಿಗೆ ಕಳಿಸಿದರು. ಹೋಗುವ ದಿನ ನಾನು ಕೆಳಗೆ ಇಳಿಯಲಿಲ್ಲ.

ಆಮೇಲೆ ಮೂರು ಶುಕ್ರವಾರ ನಾಲ್ಕೇ ಜನ ಹೋದೆವು. ಮೂರು ರಾಶಿ. ಮುಚ್ಚಳ ಖಾಲಿ.

ನಾಲ್ಕನೇ ಶುಕ್ರವಾರ ಮಂಜು. ದುಬೈಯಲ್ಲಿ ಮಂಜು ಏನು ಅಂತ ಕೇಳಬೇಡಿ, ಜನವರಿಯಲ್ಲಿ ಕೆಲವು ದಿನ ಕೈ ಮುಂದೆ ಚಾಚಿದರೆ ಬೆರಳು ಕಾಣುವುದಿಲ್ಲ. ನಾವು ಕಲ್ಲಿನ ದಡದಲ್ಲಿ ದೂರ ದೂರ ಕೂತೆವು. ನೀರು ಕಲ್ಲಿಗೆ ಬಡಿಯುವುದು ಕೇಳುತ್ತಿತ್ತು, ಎಡಗಡೆಯಿಂದ ಲಿಲ್ಲಿಬಾಯಿಯ ಸ್ವರ ಕೇಳುತ್ತಿತ್ತು. "ಇಸುಬು, ನಿನ್ನ ಗಾಳಕ್ಕೆ ಬರುವ ಮೀನಿಗೆ ಜೀವ ಬೇಡವಾಗಿರಬೇಕು ಮಾರಾಯ" ಅಂತ. ನಾನು ದಾರ ಹಿಡಿದು ನೀರಿನ ಕಡೆಗೇ ನೋಡುತ್ತಿದ್ದೆ.

ಹಿಂದೆ ಯಾರೋ ಕುಕ್ಕರಗಾಲಿನಲ್ಲಿ ಕೂತ ಹಾಗೆ ಆಯಿತು. ಡಬ್ಬಿಗೆ ಕೈ ಹಾಕಿದ ಸದ್ದು. ಮುಚ್ಚಳದಲ್ಲಿ ಟಕ್ ಅಂತ ಏನೋ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಎಷ್ಟೋ ವರ್ಷದ ಅಭ್ಯಾಸ, ನಾನು ತಿರುಗಲಿಲ್ಲ. ತುಳುವಿನಲ್ಲಿ "ಸಣ್ಣದು ಬೇಡ, ಅಡಿಯಲ್ಲಿ ದೊಡ್ಡದು ಉಂಟು" ಅಂದೆ. ಹಬೆಗೆ ಒಡ್ಡಿದ ಬಟ್ಟೆಯ ವಾಸನೆ ಬಂತು. ಅದು ನಮ್ಮೆಲ್ಲರ ಮೈಯಲ್ಲೂ ಇತ್ತು ಬಿಡಿ.

ಬಿಸಿಲು ಬಂದು ಮಂಜು ಹರಿದ ಮೇಲೆ ಇಸುಬು "ಯಲ್ಲಾ, ಹೊರಡುವ, ಪಾಲು ಹಾಕಿ ಅಕ್ಕ" ಅಂದ. ನಾನು ಪೇಪರ್ ಹಾಸಿ ರಾಶಿ ಹಾಕಿದೆ. ಶಿವಪ್ಪ ಬೆನ್ನು ತಿರುಗಿಸಿದ.

"ಇದು ಯಾರದ್ದು?"

"ಇಸುಬಂದು."

"ಇದು?"

"ವಸಂತಂದು."

"ಇದು?"

"ಲಿಲ್ಲಿಬಾಯೀದು. ಉಳಿದದ್ದು ಅಕ್ಕಾರದು."

ಲಿಲ್ಲಿಬಾಯಿ ನಕ್ಕಳು. "ವಸಂತನಿಗೆ ಪಾರ್ಸೆಲ್ ಮಾಡ್ತೀಯಾ ಶಿವಪ್ಪ?" ಆಮೇಲೆ ಕೆಳಗೆ ನೋಡಿ ನಗು ನಿಲ್ಲಿಸಿದಳು. ನಾಲ್ಕು ರಾಶಿ ಇತ್ತು. ನಾಲ್ಕು ಮಾಡಿದ್ದು ನನ್ನ ಕೈ.

ಶಿವಪ್ಪ ತಿರುಗಿ, "ಯಾಕ್ರೀ, ನಾಕ ಮಂದಿ ಗಾಳ ಹಾಕಿದ್ರಲ್ಲ?" ಅಂದ. "ಅಕ್ಕಾರ ಹಿಂದ ಕುಂತಾಂವ ಯಾರ ಮತ್ತ? ನಾ ಇಸುಬನ ಕಡೆ ಚಾ ಒಯ್ಯುವಾಗ ನೋಡೇನಿ."

"ನಾನು ಕೂತಲ್ಲಿಂದ ಏಳಲಿಲ್ಲಪ್ಪ" ಅಂದ ಇಸುಬು. ಲಿಲ್ಲಿಬಾಯಿಯೂ ಎದ್ದಿರಲಿಲ್ಲ. ಇಬ್ಬರೂ ಬೆಳಿಗ್ಗೆಯೇ ಒಂದೊಂದು ಮುಷ್ಟಿ ಸಿಗಡಿ ತೆಗೆದುಕೊಂಡು ಹೋಗಿದ್ದರು. ನಾನು ಡಬ್ಬಿಯ ಮುಚ್ಚಳ ನೋಡಿದೆ. ಐದು ತಲೆ. ಬೆರಳಲ್ಲಿ ಮುಟ್ಟಿ ಎಣಿಸಿದೆ. ಐದು.

ಲಿಲ್ಲಿಬಾಯಿ ಶಿಲುಬೆ ಗುರುತು ಹಾಕಿಕೊಂಡು ಊರಿಗೆ, ವಸಂತನ ಮನೆಗೆ ಫೋನು ಹಚ್ಚಿದಳು. ಎಲ್ಲರ ಮನಸ್ಸಿನಲ್ಲೂ ಒಂದೇ ಇತ್ತು, ಅವನು ಸತ್ತಿರಬೇಕು ಅಂತ. ಅವನ ಹೆಂಡತಿ ಎತ್ತಿದಳು. "ಇದ್ದಾರಲ್ಲ ಬಾಯಮ್ಮ. ಇಷ್ಟು ಹೊತ್ತು ಮಲಗಿದ್ದವರು ಈಗಷ್ಟೇ ಎದ್ದರು. ಕೆಲಸ ಇಲ್ಲದ ಮೇಲೆ ಹೀಗೇ" ಅಂದಳು. ಆಮೇಲೆ ವಸಂತನ ಸ್ವರ. ಲಿಲ್ಲಿಬಾಯಿ ಅತ್ತುಕೊಂಡೇ ಬೈದಳು, "ಬದುಕಿದ್ದೀಯಾ ದರಿದ್ರದವನೇ!" ಅವನಿಗೆ ಏನೂ ಅರ್ಥವಾಗಲಿಲ್ಲ. ನಮ್ಮ ಹತ್ತಿರ ನಡೆದದ್ದನ್ನು ಅವಳು ಹೇಳಲಿಲ್ಲ. ಅವನೇ ಕೇಳಿದ, "ಅಕ್ಕ ಇದ್ದಾರಾ?"

ಫೋನು ನನ್ನ ಕೈಗೆ ಬಂತು.

"ಅಕ್ಕಾ, ತಲೆ ಹುರಿದಿರಾ?" ಅಂದ.

ಅಲ್ಲಿ ನಾನು ಹೇಳಬೇಕಿತ್ತು. ಕಂದೂರ ಸುಟ್ಟವಳು ನಾನು, ಎಲ್ಲರ ಎದುರಿಗೆ ಹೇಳುತ್ತೇನೆ, ನಾಳೆ ಆಫೀಸಿನಲ್ಲೂ ಹೇಳುತ್ತೇನೆ ಅಂತ. ಮೂವರೂ ನನ್ನ ಮುಂದೆಯೇ ನಿಂತಿದ್ದರು. ನಾನು "ಇಲ್ಲ, ಇನ್ನು ಹೋಗಿ ಆಗಬೇಕಷ್ಟೆ" ಅಂದೆ. ಫೋನು ಲಿಲ್ಲಿಬಾಯಿಗೆ ಕೊಟ್ಟೆ.

ವಸಂತನ ಹೆಸರಿನ ಆ ಪಾಲನ್ನು ಇಸುಬು ಮುಟ್ಟಲಿಲ್ಲ, ಲಿಲ್ಲಿಬಾಯಿ ನೀರಿಗೆ ಬಿಡುವ ಅಂದಳು. ನಾನು ಬಿಡಲಿಲ್ಲ. ರೂಮಿಗೆ ತಂದು ಸಾರು ಮಾಡಿದೆ, ಐದು ತಲೆಯನ್ನೂ ಹುರಿದೆ, ತಿಂದೆ. ರುಚಿ ಯಾವಾಗಿನ ಹಾಗೆಯೇ ಇತ್ತು. ನನ್ನ ವೀಸಾ ಮುಂದೆ ಎರಡು ಸಲ ಆಯಿತು. ಗಾಳಕ್ಕೆ ಮಾತ್ರ ಅದರ ನಂತರ ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಈಗ ಊರಿನಲ್ಲಿದ್ದೇನೆ. ವಸಂತ ಯಾರದ್ದೋ ಬೋಟಿಗೆ ಕೂಲಿಗೆ ಹೋಗುತ್ತಾನಂತೆ. ಎರಡೇ ಬಸ್ ಸ್ಟಾಪ್. ನಾನು ಹೋಗಿಲ್ಲ. ಹೋಗದಿರಲಿಕ್ಕೆ ಕಾಲು ನೋವು ಅಂತ ಹೇಳಬಹುದು, ಆದರೆ ಅದೇ ಕಾಲಿನಲ್ಲಿ ಸಂತೆಗೆ ಹೋಗುತ್ತೇನೆ.

ಶಿವಪ್ಪನಿಗೆ ಮಂಜಿನಲ್ಲಿ ಬೇರೆ ಯಾರೋ ಕಂಡು, ಹಳೆಯ ಹೆಸರು ಬಾಯಿಗೆ ಬಂದಿರಬಹುದು. ನನ್ನ ಕೈ ಅಭ್ಯಾಸಕ್ಕೆ ನಾಲ್ಕು ರಾಶಿ ಮಾಡಿರಬಹುದು. ತಲೆ ಹುರಿದಿರಾ ಅಂತ ಅವನು ಪ್ರತಿ ವಾರ ಕೇಳುತ್ತಿದ್ದ ಮಾತೇ. ಆದರೆ ಮುಚ್ಚಳದಲ್ಲಿದ್ದದ್ದನ್ನು ನಾನು ತಿಂದಿದ್ದೇನೆ, ಅದಕ್ಕೆ ಏನು ಹೇಳಲಿ? ಸತ್ತವನಾದರೆ ಹೇಗೋ ಬಂದ ಅನ್ನಬಹುದಿತ್ತು. ಊರಿನಲ್ಲಿ ಚಾಪೆಯ ಮೇಲೆ ಮಲಗಿದ್ದವನು ಅಷ್ಟು ದೂರ ಬಂದದ್ದು ಹೇಗೆ? ಬಂದವನು ಬೈದು ಹೋಗಿದ್ದರೂ ನನಗೆ ಅರ್ಥವಾಗುತ್ತಿತ್ತು. ತಲೆ ಮುರಿದು ನನಗೆ ಇಟ್ಟು ಹೋದದ್ದು ಯಾಕೆ, ಅದು ನನಗೆ ಇವತ್ತಿಗೂ ಗೊತ್ತಾಗಿಲ್ಲ.